ಆ ನಗು ಇಬ್ಬರಲ್ಲಿ ಯಾರದು?

ಸಾವಿನ ಮನೆಯ ಅಂಗಳದಲ್ಲಿ ನಗು ಬರುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತುಂಬು ವಯಸ್ಸಿನ ಮುದುಕ ತೀರಿಕೊಂಡನೆಂದರೆ ಮಣ್ಣಿಗೆ ಬಂದವರು ಕಟ್ಟೆಯ ಮೇಲೆ ಕೂತು ಅವನ ಸಿಟ್ಟು, ಅವನ ಜಿಪುಣತನ, ಜಾತ್ರೆಯಲ್ಲಿ ಅವನು ಮೋಸ ಹೋಗಿ ಕೊಂಡ ಎತ್ತು, ಒಂದೊಂದಾಗಿ ತೆಗೆಯುತ್ತಾರೆ. ಒಳಗೆ ಭಜನೆ ನಡೆದಿರುತ್ತದೆ, ಹೊರಗೆ ಚಹಾ. ನಡುವೆ ಯಾರೋ ಒಬ್ಬರು ದನಿ ತಗ್ಗಿಸಿ ಹೊಲದ ವಾಟ್ನಿಯ ಮಾತು ಎತ್ತುತ್ತಾರೆ. ಹೆಣ ಇನ್ನೂ ಎದ್ದಿರುವುದಿಲ್ಲ, ಉತಾರ ಯಾರ ಹೆಸರಿಗೆ ಎಂಬ ಲೆಕ್ಕ ಆಗಲೇ ಎದ್ದಿರುತ್ತದೆ.

ಅದಕ್ಕೇ ಇರಬೇಕು, ಕಾಗಿನೆಲೆಯ ನಮ್ಮ ಸಿನಿಮಾ ಗೆಳೆಯರ ಗುಂಪಿಗೆ ‘ತಿಥಿ’ ಅಂದರೆ ಇಷ್ಟು ಜೀವ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ನಮ್ಮ ಥಿಯೇಟರುಗಳಿಗೆ ಬಂತು. ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ. ಇಷ್ಟು ವರ್ಷವಾದರೂ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ಮುಂದಿಟ್ಟುಕೊಂಡರೆ ಸಾಕು, ಮಾತು ಸುತ್ತಿ ಬಳಸಿ ಗಡ್ಡಪ್ಪನ ಹತ್ತಿರ ಬಂದು ನಿಲ್ಲುತ್ತದೆ. ನೋಡದವರಿಗಾಗಿ ಕಥೆ ಇಷ್ಟು: ದಾರಿಹೋಕರನ್ನೆಲ್ಲ ಬೈಯುತ್ತ ಕೂತಿದ್ದ ನೂರೊಂದು ವರ್ಷದ ಸೆಂಚುರಿಗೌಡ ಮೂತ್ರಕ್ಕೆಂದು ಎದ್ದುಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ಮನೆ ಬೇಡ. ಬಾಟಲಿ ಹಿಡಿದು ಹೊಲದ ದಾರಿಯಲ್ಲಿ ನಡೆಯುತ್ತಿದ್ದರೆ ಅವನಿಗೆ ಅದೇ ಸುಖ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಿ ದುಡ್ಡು ಮಾಡುವ ಆತುರ. ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸಿ, ಕೈಗೆ ದುಡ್ಡು ಕೊಟ್ಟು ಊರು ಬಿಡಿಸುತ್ತಾನೆ. ಮರಿಮಗ ಅಭಿಗೆ ಕುರಿಗಾರರ ಹುಡುಗಿಯ ಹಿಂದೆ ತಿರುಗುವುದೇ ಕೆಲಸ. ಇಷ್ಟೆಲ್ಲ ನಡೆಯುವುದು ಹನ್ನೊಂದು ದಿನಗಳಲ್ಲಿ.

ಈ ಸಿನಿಮಾ ಒಬ್ಬರದಲ್ಲ. ನಿರ್ದೇಶಕ ರಾಮ್ ರೆಡ್ಡಿ, ಪ್ರಾಗ್‌ನಲ್ಲಿ ಸಿನಿಮಾ ಕಲಿತು ಬಂದವರು. ಜತೆಗೆ ಬರೆದವರು ಈರೇಗೌಡ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು. ಚಿತ್ರೀಕರಣ ನಡೆದದ್ದೂ ಆ ಸೀಮೆಯಲ್ಲೇ, ನಟಿಸಿದವರೂ ಅಲ್ಲಿನ ಊರ ಜನವೇ. ನಮ್ಮ ಗುಂಪಿನ ತಕರಾರು ಹುಟ್ಟುವುದು ಇಲ್ಲಿಂದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟ ಗೆಳೆಯನದು ಒಂದೇ ಪಟ್ಟು: “ಆ ನಗಿ ಈರೇಗೌಡ್ರದು ರೀ. ಊರಾಗ ಹುಟ್ಟಿ ಬೆಳದವ್ರಿಗೆ ಬಿಟ್ರ ಬ್ಯಾರೆಯವ್ರಿಗೆ ಅದು ಕಾಣೂದೇ ಇಲ್ಲ.” ನಮ್ಮ ಮಾಸ್ತರ್ರು ಒಪ್ಪುವುದಿಲ್ಲ. “ಕಾಣಾಕ ಎಲ್ಲಾರಿಗೂ ಕಾಣತೈತಿ. ಎಲ್ಲಿ ನಿಂತು ನೋಡ್ಬೇಕು ಅನ್ನೂದು ರೆಡ್ಡಿಯವ್ರಿಗೆ ಗೊತ್ತಿತ್ತು” ಎನ್ನುತ್ತಾರೆ.

ಈ ತಕರಾರಿಗೆ ಇಂಥದೇ ಇನ್ನೊಂದು ಜೋಡಿಯೂ ಬಂದು ಸೇರಿತು. ಮಾಸ್ತರ್ರ ಮಗ ಬೆಂಗಳೂರಿನಲ್ಲಿದ್ದಾನೆ. ಅಮೆರಿಕದ ಕೋಯೆನ್ ಅಣ್ಣತಮ್ಮಂದಿರ ಸಿನಿಮಾಗಳನ್ನು ನಮಗೆ ಹಚ್ಚಿದವನು ಅವನೇ. ಅಣ್ಣ ಜೋಯೆಲ್, ತಮ್ಮ ಈಥನ್. 1984ರ ‘ಬ್ಲಡ್ ಸಿಂಪಲ್’ನಿಂದ ಇಬ್ಬರೂ ಕೂಡಿಯೇ ಬರೆದರು, ಕೂಡಿಯೇ ಮಾಡಿದರು, ರೋಡ್ರಿಕ್ ಜೇನ್ಸ್ ಎಂಬ ಇಲ್ಲದ ಮನುಷ್ಯನ ಹೆಸರು ಹಾಕಿಕೊಂಡು ಸಂಕಲನವನ್ನೂ ತಾವೇ ಮಾಡಿಕೊಂಡರು. ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ ಅವರಿಗೆ ಆಸ್ಕರ್ ತಂದಿತು, ನಿಜ. ಆದರೆ ನಮ್ಮಲ್ಲಿ ಹೆಚ್ಚು ಮಾತಾಗುವುದು 1996ರ ‘ಫಾರ್ಗೊ’.

ಅದರಲ್ಲಿ ಜೆರ್ರಿ ಎಂಬ ಕಾರು ಮಾರುವವನಿದ್ದಾನೆ. ಸಾಲದಲ್ಲಿ ಸಿಕ್ಕಿಕೊಂಡು, ಮಾವನಿಂದ ದುಡ್ಡು ಕೀಳಲೆಂದು ಸ್ವಂತ ಹೆಂಡತಿಯನ್ನೇ ಅಪಹರಣ ಮಾಡಿಸುತ್ತಾನೆ. ಯಾರಿಗೂ ಏನೂ ಆಗಬಾರದು, ದುಡ್ಡು ಮಾತ್ರ ಕೈಗೆ ಬರಬೇಕು, ಇಷ್ಟೇ ಅವನ ಹಂಚಿಕೆ. ಒಂದು ಸುಳ್ಳನ್ನು ಮುಚ್ಚಲು ಮತ್ತೊಂದು, ಅದನ್ನು ಮುಚ್ಚಲು ಮಗದೊಂದು ಎನ್ನುತ್ತ ಹಿಮದ ಮೇಲೆ ಹೆಣಗಳು ಬೀಳುತ್ತವೆ. ದಲಾಲಿ ಗೆಳೆಯ ಅದನ್ನು ನೋಡಿ ಮುಗಿಸಿದವನೇ, “ಇಂವಾ ನಮ್ಮ ತಮ್ಮಣ್ಣನ ರೀ!” ಎಂದು ಕೂಗಿದ್ದ. ಎಷ್ಟು ಸರಿ! ತಮ್ಮಣ್ಣ ದುಷ್ಟನಲ್ಲ. ಬಡ್ಡಿಗೆ ದುಡ್ಡು ತಂದು ಕಚೇರಿಯವರ ಕೈ ಬೆಚ್ಚಗೆ ಮಾಡುವಾಗಲೂ ಅವನ ಮುಖದ ತುಂಬ ಸಂಸಾರದ ಚಿಂತೆಯೇ. ವಾರಸಾ ದಾಖಲೆಗೆಂದು ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದ ಯಾರಿಗಾದರೂ ಆ ಮುಖ ಗೊತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಝೆರಾಕ್ಸ್ ಪ್ರತಿಗಳು, ಯಾರ ಮುಂದೆ ನಿಂತರೆ ಕೆಲಸವಾದೀತು ಎಂದು ಹುಡುಕುವ ಕಣ್ಣು. ಅವನನ್ನು ನೋಡಿ ನಗು ಬರುತ್ತದೆ. ಅವನು ಗೆಲ್ಲಲಿ ಎಂದೂ ಅನಿಸುತ್ತದೆ. ಅನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಈ ಮೂರೂ ಒಟ್ಟಿಗೇ ಆಗುವಂತೆ ಮಾಡುವುದು ಬಹಳ ಕಷ್ಟದ ವಿದ್ಯೆ.

‘ಫಾರ್ಗೊ’ ಶುರುವಿಗೇ ಇದು ನಡೆದ ಕಥೆ ಎಂದು ಹೇಳಿಬಿಡುತ್ತದೆ, ಅದು ಕಟ್ಟುಕಥೆ. ‘ತಿಥಿ’ ಅಂಥ ಮಾತು ಎಲ್ಲೂ ಹೇಳುವುದಿಲ್ಲ. ಆದರೂ ನಮ್ಮೂರಿನ ಎಷ್ಟೋ ಜನ ಅದನ್ನು ನಿಜವಾಗಿ ನಡೆದದ್ದೆಂದೇ ನಂಬಿದರು. ಹಿನ್ನೆಲೆ ಸಂಗೀತದ ಹಂಗಿಲ್ಲ, ಇಲ್ಲಿ ನಗಿ, ಇಲ್ಲಿ ಅಳು ಎಂದು ಯಾರೂ ಸನ್ನೆ ಮಾಡುವುದಿಲ್ಲ. ಮಂಡ್ಯದ ಮಾತು ನಮ್ಮ ಕಿವಿಗೆ ಹತ್ತಲು ಹತ್ತು ನಿಮಿಷ ಬೇಕಾಯಿತು, ಆಮೇಲೆ ಯಾವ ಅಡ್ಡಿಯೂ ಇರಲಿಲ್ಲ.

ನಮ್ಮ ನೆಲಕ್ಕೂ ಈ ಬಗೆಯ ನಗು ಹೊಸದಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ದೊಡ್ಡವರೆಂದು ಜಗಳವಾದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಧಾನ್ಯಗಳು ಜೈಲಿಗೆ ಹೋಗುವುದನ್ನು ಓದಿ ನಗುವಷ್ಟರಲ್ಲಿ, ಹೊರಗೆ ಬಂದ ಅಕ್ಕಿ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ, ಮೇಲು ಕೀಳಿನ ಪೆಟ್ಟು ನೇರ ಎದೆಗೆ ಬೀಳುತ್ತದೆ. ಇನ್ನು ಇದೇ ಜಿಲ್ಲೆಯ ಹತ್ತಿಮತ್ತೂರಿನ ಚಂಪಾ. ‘ಕೊಡೆಗಳು’, ‘ಅಪ್ಪ’ದಂಥ ಅಸಂಗತ ನಾಟಕ ಬರೆದವರು ಅವರು. ಹಾನಗಲ್ ತಾಲೂಕಿನ ಶೇಷಗಿರಿಯಂಥ ಹಳ್ಳಿ ರಂಗಮಂದಿರ ಕಟ್ಟಿಕೊಂಡು ನಾಟಕ ಆಡುವ ಸೀಮೆ ಇದು. ನೋಡುವ ಕಣ್ಣಿಗೆ ಇಲ್ಲಿ ಎಂದೂ ಬರವಿಲ್ಲ.

ನಮ್ಮ ಗುಂಪಿನಲ್ಲಿ ಕುರಿ ಕಾಯುವ ಮನೆತನದ ಹುಡುಗನೂ ಒಬ್ಬನಿದ್ದಾನೆ. ‘ತಿಥಿ’ಯಲ್ಲಿ ಊಟಕ್ಕೆಂದು ಹುಡುಗರು ರಾತ್ರಿ ಕುರಿ ಕದಿಯುವಾಗ ನಾವೆಲ್ಲ ನಕ್ಕೆವು, ಅವನು ನಗಲಿಲ್ಲ. “ಒಂದು ಕುರಿ ಹ್ವಾದ್ರ ಹಟ್ಟ್ಯಾಗ ಆ ದಿನ ಯಾರೂ ಉಣ್ಣಂಗಿಲ್ಲ” ಅಂದ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ಬಲೆ ಕಟ್ಟಿ, ನಾಯಿಯ ಜತೆ ಎಚ್ಚರಿರುವವರ ಮಾತದು. ಆದರೂ ಸಿನಿಮಾ ಅವನಿಗೆ ಇಷ್ಟವೇ. ಏಕೆಂದರೆ ಮನೆಯವರು ಹೊರಗೆ ಹಾಕಿದ ಗಡ್ಡಪ್ಪನಿಗೆ ಜಾಗ ಕೊಟ್ಟವರು ಕುರಿಗಾರರು. ತಂದೆಯಿಂದಲೇ ತನ್ನ ಸಂಸಾರ ಮುರಿದ ಕಥೆಯನ್ನು ಅವನು ಹೇಳಿಕೊಳ್ಳುವುದೂ ಅವರ ಮುಂದೆಯೇ. ಅಲ್ಲಿಯವರೆಗೆ ನಾವು ಯಾವ ಮನುಷ್ಯನ ಅಲೆದಾಟ ನೋಡಿ ನಕ್ಕಿದ್ದೆವೋ ಅವನ ಹೊಟ್ಟೆಯೊಳಗಿನ ಬೆಂಕಿ ಅಲ್ಲಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ಸಿನಿಮಾದ ಜೀವ ಆ ಒಂದು ಮಾತುಕತೆಯಲ್ಲಿದೆ.

ಹಾಗಾದರೆ ನಗು ಯಾರದು? ಇಬ್ಬರೂ ಆಮೇಲೆ ಬೇರೆ ಬೇರೆಯಾಗಿ ಸಿನಿಮಾ ಮಾಡಿದರು. ಈರೇಗೌಡರ ‘ಬಳೆಕೆಂಪ’ 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು. ಬಳೆಗಾರನ ಮನೆಯೊಳಗಿನ ಹೇಳಲಾಗದ ಸಂಕಟವನ್ನು ತಾಳ್ಮೆಯಿಂದ ಹಿಡಿದ ಸಿನಿಮಾ. ರಾಮ್ ರೆಡ್ಡಿಯವರು ಮನೋಜ್ ಬಾಜಪೇಯಿ ಜತೆ ಹಿಮಾಲಯದ ಹಣ್ಣಿನ ತೋಟದ ಮಾಯಾಕಥೆ ಮಾಡಿದರು, ಅದು 2024ರಲ್ಲಿ ಬರ್ಲಿನ್‌ಗೆ ಹೋಯಿತು. ಎರಡೂ ಒಳ್ಳೆಯವೇ. ‘ತಿಥಿ’ಯ ನಗು ಎರಡರಲ್ಲೂ ಇಲ್ಲ. ಕೋಯೆನ್‌ರದೂ ಇದೇ ಕಥೆ: ಅಣ್ಣ ಒಬ್ಬನೇ 2021ರಲ್ಲಿ ‘ಮ್ಯಾಕ್‌ಬೆತ್’ ಮಾಡಿದ, ಅಲ್ಲಿ ಬರೀ ಕತ್ತಲೆ. ತಮ್ಮ 2024ರಲ್ಲಿ ‘ಡ್ರೈವ್ ಅವೇ ಡಾಲ್ಸ್’ ಮಾಡಿದ, ಅಲ್ಲಿ ಬರೀ ಚೇಷ್ಟೆ. ಹಾಗಾದರೆ ಭಾರ ಅಣ್ಣನದು, ನಗು ತಮ್ಮನದು ಎಂದು ಮಾಸ್ತರ್ರ ಮಗ ವಾಟ್ನಿ ಮಾಡಿಬಿಟ್ಟ. ನಾನು ಒಪ್ಪುವುದಿಲ್ಲ. ಚೇಷ್ಟೆ ಬೇರೆ, ‘ಫಾರ್ಗೊ’ದ ನಗು ಬೇರೆ. ಒಬ್ಬ ನಗಿಸಲು ಹೊರಟಾಗ ಇನ್ನೊಬ್ಬ ಕೈ ಹಿಡಿದು, ತಾಳು, ಆ ಮನುಷ್ಯನಿಗೆ ನೋಯುತ್ತಿದೆ ಎನ್ನಬೇಕು. ಒಬ್ಬ ಅಳಿಸಲು ಹೊರಟಾಗ ಇನ್ನೊಬ್ಬ ಅದೇ ಮನುಷ್ಯನ ಬಗಲಲ್ಲಿ ಸಿಕ್ಕಿಸಿದ ಬಾಟಲಿಯ ಕಡೆ ಬೆರಳು ತೋರಿಸಬೇಕು. ಎದುರಿಗೆ ಹಾಗೆ ಹೇಳುವವನೊಬ್ಬ ಇದ್ದಾಗಲೇ ಆ ನಗು ಹುಟ್ಟಿದೆ. ಅದರಲ್ಲಿ ಪಾಲು ಮಾಡಲು ಬರುವುದಿಲ್ಲ.

ಆದ್ದರಿಂದ ಈರೇಗೌಡರೂ ರೆಡ್ಡಿಯವರೂ ಇನ್ನೊಮ್ಮೆ ಕೂಡಿ ಕೂರಬೇಕು ಎಂಬುದು ನಮ್ಮೆಲ್ಲರ ಆಸೆ. ಈ ಸಲ ತುಂಗಭದ್ರೆ ದಾಟಿ ಇತ್ತ ಬರಲಿ ಎನ್ನುತ್ತಾನೆ ದಲಾಲಿ ಗೆಳೆಯ. ಸೋಮವಾರ, ಗುರುವಾರ ಬ್ಯಾಡಗಿ ಪೇಟೆಗೆ ಬಂದು ಮೆಣಸಿನಕಾಯಿ ಚೀಲದ ಮೇಲೆ ಕೂತ ರೈತರ ಮಾತು ಕೇಳಿದರೆ ಕಥೆ ಅಲ್ಲೇ ಸಿಗುತ್ತದಂತೆ. ಕುರಿಗಾರರ ಹುಡುಗನದು ಒಂದೇ ಷರತ್ತು: “ಬರಲಿ ರೀ, ಆದ್ರ ಮಾತು ನಮ್ದ ಇರ್ಬೇಕು, ಕುರಿಗೋಳೂ ನಮ್ವ ಇರ್ಬೇಕು.”