ಹದಿನಾಲ್ಕು ತಿರುವುಗಳೂ ನಾಲ್ಕು ಟೈರುಗಳೂ

ಶಿವಮೊಗ್ಗೆಯಿಂದ ಉಡುಪಿಗೆ ಹೋಗುವ ಹಾದಿಯನ್ನು ಬಲ್ಲವರಿಗೆ ಆಗುಂಬೆಯ ಘಟ್ಟವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ತುಂಗೆಯ ಜೊತೆಗೂಡಿ ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳನ್ನು ದಾಟಿ ತೀರ್ಥಹಳ್ಳಿಗೆ ಬರುವ ರಸ್ತೆ, ಅಲ್ಲಿಂದ ಮುಂದೆ ಅಡಕೆಯ ತೋಟಗಳ ನಡುವೆ ನುಸುಳಿ ಆಗುಂಬೆಯನ್ನು ಮುಟ್ಟುತ್ತದೆ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮಿಕ್ಕ ಎತ್ತರದ ಊರು. ಊರು ಮುಗಿಯುವಲ್ಲಿ ನೆಲವೂ ಮುಗಿದುಹೋಯಿತೇನೋ ಎಂಬಂತೆ ರಸ್ತೆ ತಟಕ್ಕನೆ ಬಾಗಿ, 14 ಹೇರ್‌ಪಿನ್ ತಿರುವುಗಳಲ್ಲಿ ಸುತ್ತಿ ಸುತ್ತಿ ಸೋಮೇಶ್ವರಕ್ಕೆ ಇಳಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಿದು. ಇಲ್ಲಿಯ ಸೂರ್ಯಾಸ್ತವನ್ನು ಕುರಿತು ಬರೆದವರು ಬಹಳ ಮಂದಿ. ನಾನು ಇಂದು ಬರೆಯಹೊರಟಿರುವುದು, ಆ ಸೂರ್ಯಾಸ್ತದ ತಾಣಕ್ಕೆ ನಮ್ಮನ್ನು ಹೊತ್ತೊಯ್ದೂ ಯಾರ ಪ್ರಶಂಸೆಗೂ ಪಾತ್ರವಾಗದ ಒಂದು ವಸ್ತುವನ್ನು ಕುರಿತು, ಅಂದರೆ ಕಾರಿನ ಟೈರನ್ನು ಕುರಿತು.

ಕಳೆದ ವರ್ಷದ ಆಷಾಢದಲ್ಲಿ ನಾವು ಸಂಸಾರ ಸಮೇತರಾಗಿ ಈ ಘಟ್ಟವನ್ನು ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನನ್ನ ತೀರ್ಥರೂಪರು, ಅವರಿಗೊರಗಿ ನನ್ನ ಮಗಳು. ಮಳೆ ಹಿಡಿದಿತ್ತು. ಆರನೆಯದೋ ಏಳನೆಯದೋ ತಿರುವಿನಲ್ಲಿ ಎದುರಿಗೆ ಒಂದು ಮಿನಿ ಬಸ್ಸು ಕಾಣಿಸಿತು. ನಾನು ಬ್ರೇಕನ್ನು ಒತ್ತಿದೆ. ವೇಗವೇನೂ ಹೆಚ್ಚಿರಲಿಲ್ಲ. ಆದರೂ ಕಾರು ನಿಲ್ಲಲಿಲ್ಲ. ಪಾಚಿಗಲ್ಲಿನ ಮೇಲೆ ಕಾಲಿಟ್ಟವನಂತೆ ಮೆಲ್ಲಗೆ, ಬಲು ಮೆಲ್ಲಗೆ ಜಾರಿಕೊಂಡು ಹೋಗಿ, ಅಂಚಿನ ಗೋಡೆಗೆ ಒಂದು ಗೇಣು ಉಳಿದಿರುವಂತೆ ನಿಂತಿತು. ಬಸ್ಸಿನ ಚಾಲಕ ನಮ್ಮನ್ನೊಮ್ಮೆ ನೋಡಿ ಮುಂದೆ ಹೋದ. ತೀರ್ಥರೂಪರು ಮೊಮ್ಮಗಳ ತಲೆಯನ್ನು ಸವರಿ, "ಎಲ್ಲರೂ ಇದ್ದೇವಲ್ಲ, ನಡಿ" ಎಂದಷ್ಟೇ ಹೇಳಿದರು. ಅಂದಿನಿಂದ ಅವರು ಘಟ್ಟ ಇಳಿಯುವ ಮಾತೆತ್ತಲಿಲ್ಲ. ಉಡುಪಿಯಲ್ಲಿರುವುದು ಅವರ ಒಬ್ಬಳೇ ಅಕ್ಕ, ಎಂಬತ್ತು ದಾಟಿದವರು. "ಫೋನಿನಲ್ಲಿ ಮಾತನಾಡುತ್ತೇನಲ್ಲ, ಸಾಕು ಬಿಡು" ಎನ್ನುತ್ತಿದ್ದರು. ಈ ವರ್ಷ ಅತ್ತೆ ಎರಡು ಬಾರಿ ಹೇಳಿಕಳಿಸಿದಾಗ ಮಾತ್ರ ಅವರು ಸುಮ್ಮನೆ ಕಿಟಕಿಯ ಕಡೆ ನೋಡಿದರು. ಮರುದಿನವೇ ನಾನು ಟೈರಿನ ಅಂಗಡಿಗೆ ಹೊರಟೆ.

ಜೊತೆಗೆ ನನ್ನ ಅಕ್ಕನ ಮಗನೂ ಬಂದ. ಎಂಜಿನಿಯರಿಂಗ್ ಓದುವ ಹುಡುಗ. ಕಾರಿನ ವಿಷಯದಲ್ಲಿ ಅವನು ಗುರು, ನಾನು ಶಿಷ್ಯ. "ಮಾವ, ಹಾಕಿಸಿದರೆ ಪರ್ಫಾರ್ಮೆನ್ಸ್ ಟೈರನ್ನೇ ಹಾಕಿಸಬೇಕು. 195/55 ಆರ್ 16. ರಿಮ್ಮನ್ನೂ ಬದಲಾಯಿಸೋಣ. ಕಾರಿನ ಗತ್ತೇ ಬೇರೆಯಾಗುತ್ತದೆ" ಎಂದು ದಾರಿಯುದ್ದಕ್ಕೂ ಉಪದೇಶಿಸಿದ. ಹಳಗನ್ನಡದ ಶಾಸನಗಳನ್ನು ಓದಿಸುವ ನನಗೆ ಈ ಲಿಪಿ ಅರ್ಥವಾಗಲಿಲ್ಲ.

ಅರ್ಥ ಬಿಡಿಸಿದವರು ಅಂಗಡಿಯ ಯಜಮಾನರು. ನಮ್ಮ ಕಾರಿನ ಟೈರಿನ ಮೇಲಿದ್ದುದು 185/65 ಆರ್ 15 88 ಎಚ್ ಎಂಬ ಬರಹ. 185 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 65 ಎಂದರೆ, ಅಗಲದ ನೂರಕ್ಕೆ ಅರವತ್ತೈದು ಪಾಲು ಅದರ ಪಕ್ಕೆಯ ಎತ್ತರ. ಆರ್ ಎಂದರೆ ರೇಡಿಯಲ್. 15 ಅಂಗುಲ ರಿಮ್ಮಿನ ವ್ಯಾಸ. 88 ಎಂಬ ಅಂಕಿ, ಒಂದು ಟೈರು 560 ಕಿಲೋ ಭಾರ ಹೊರಬಲ್ಲದೆಂಬುದಕ್ಕೆ ಸಂಕೇತ. ಎಚ್ ಎಂಬ ಅಕ್ಷರ, ಗಂಟೆಗೆ 210 ಕಿಲೋಮೀಟರ್ ವೇಗವನ್ನು ತಾಳಬಲ್ಲದೆಂಬುದಕ್ಕೆ. ವಿ ಎಂದಿದ್ದರೆ 240. "ಮೇಷ್ಟ್ರೇ, ಈ ಇನ್ನೂರನಲವತ್ತನ್ನು ನೀವು ಯಾವ ರಸ್ತೆಯಲ್ಲಿ ಓಡಿಸುತ್ತೀರಿ?" ಎಂದು ಅವರು ಕೇಳಿದರು. ಅಳಿಯನ ಮುಖ ಸಪ್ಪಗಾಯಿತು.

ಆ ಬಳಿಕ ಅವರು ನಮ್ಮ ಹಳೆಯ ಟೈರಿನ ಬಳಿ ಕುಳಿತು, ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ತೋರಿಸಿದರು: 1617. ಅಂದರೆ 2017ನೆಯ ಇಸವಿಯ ಹದಿನಾರನೆಯ ವಾರದಲ್ಲಿ ತಯಾರಾದದ್ದು. "ಗ್ರಿಪ್ಪು ಚೆನ್ನಾಗಿಯೇ ಇದೆಯಲ್ಲ?" ಎಂದೆ ನಾನು. ಅದು ನಿಜವೂ ಆಗಿತ್ತು. ಮನೆಯಿಂದ ಕಾಲೇಜು, ಕಾಲೇಜಿನಿಂದ ಮನೆ, ಇಷ್ಟೇ ಓಡಾಡಿದ ಕಾರು. ಗೀರುಗಳ ತಳದಲ್ಲಿ ಅಡ್ಡಲಾಗಿ ಪುಟ್ಟ ದಿಬ್ಬಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರು, ಕಾನೂನಿನ ಪ್ರಕಾರ ಅದೇ ಕಡೆಯ ಗಡಿ. ನಮ್ಮದು ಅದಕ್ಕಿಂತ ಬಹಳ ಮೇಲಿತ್ತು. ಯಜಮಾನರು ಹೊಸ ಟೈರೊಂದನ್ನು ಪಕ್ಕಕ್ಕಿಟ್ಟು, "ಎರಡಕ್ಕೂ ಉಗುರು ಒತ್ತಿ ನೋಡಿ" ಎಂದರು. ಹೊಸದರಲ್ಲಿ ಉಗುರು ಕೊಂಚ ಇಳಿಯಿತು. ಹಳೆಯದು ಒಣಗಿದ ಕೊರಡು. ರಬ್ಬರು ಓಡಿದರೆ ಸವೆಯುತ್ತದೆ, ನಿಂತರೂ ಮುದಿಯಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಬೇಕು. ಹತ್ತು ದಾಟಿದ್ದನ್ನು ಇಟ್ಟುಕೊಳ್ಳಲೇಬಾರದು. ವರ್ಷವಿಡೀ ಮಳೆಯನ್ನು ದೂರಿಕೊಂಡಿದ್ದ ನನಗೆ ಆಗ ತಲೆ ತಗ್ಗಿಸುವಂತಾಯಿತು.

ಹಾಗಾದರೆ ಯಾವುದನ್ನು ಕೊಳ್ಳುವುದು? ಅಳಿಯ ಹೇಳಿದ ಟೈರನ್ನೂ ಯಜಮಾನರು ಅಲ್ಲಗಳೆಯಲಿಲ್ಲ. ಒಟ್ಟು ಎತ್ತರದಲ್ಲಿ ಅದು ನಮ್ಮದಕ್ಕೆ ಸಮವೇ. ಆದರೆ ಪಕ್ಕೆಯ ಎತ್ತರ 120ರಿಂದ 107 ಮಿಲಿಮೀಟರಿಗೆ ಇಳಿಯುತ್ತದೆ. ನುಣ್ಣನೆಯ ಹೆದ್ದಾರಿಯಲ್ಲಿ ಅದರಿಂದ ಸ್ಟಿಯರಿಂಗಿನ ಮಾತು ಚುರುಕಾಗಿ ನಡೆಯುತ್ತದೆ. ಹೊಂಡ ಬಿದ್ದ ಮಲೆನಾಡಿನ ರಸ್ತೆಯಲ್ಲಿ ಅದೇ ಪೆಟ್ಟು ರಿಮ್ಮಿಗೂ, ಹಿಂದೆ ಕುಳಿತ ವೃದ್ಧರ ಸೊಂಟಕ್ಕೂ ತಾಗುತ್ತದೆ. "ಮಳೆಯಲ್ಲಿ ನಿಲ್ಲುವುದೂ ಪರ್ಫಾರ್ಮೆನ್ಸೇ ತಮ್ಮಾ" ಎಂದು ಅವರು ಹುಡುಗನಿಗೆ ಹೇಳಿದರು. ಅಡಕೆಯ ತೋಟಕ್ಕೆ ಬಸಿಗಾಲುವೆ ಹೇಗೋ ಟೈರಿಗೆ ಗೀರುಗಳು ಹಾಗೆ. ಅಡಿಗೆ ಸಿಕ್ಕ ನೀರನ್ನು ಅವು ಹೊರಕ್ಕೆ ಹರಿಸದಿದ್ದರೆ ಟೈರು ನೀರಿನ ಮೇಲೆ ತೇಲತೊಡಗುತ್ತದೆ. ಇಡೀ ಕಾರು ನೆಲವನ್ನು ಹಿಡಿದಿರುವುದು ನಾಲ್ಕು ಅಂಗೈಯಗಲದ ರಬ್ಬರಿನಿಂದ ಮಾತ್ರ ಎಂಬುದನ್ನು ನಾನು ಅಂದೇ ತಿಳಿದದ್ದು. ಆದ್ದರಿಂದ ಹಳೆಯ ಅಳತೆಯಲ್ಲೇ, ಅಗಲವಾದ ಕಾಲುವೆಗಳುಳ್ಳ, ಒದ್ದೆ ನೆಲದ ಹಿಡಿತಕ್ಕೆ ಹೆಸರಾದ ಮೃದು ರಬ್ಬರಿನ ಟೈರನ್ನು ಆರಿಸಿದೆವು. ಅದು ಬೇಗ ಸವೆಯುತ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ನನ್ನ ಶ್ರೀಮತಿಯ ಲೆಕ್ಕದಲ್ಲಿ ಈ ತಿಂಗಳು ಎರಡು, ದೀಪಾವಳಿಗೆ ಎರಡು ಎಂದಿತ್ತು. ಎರಡನ್ನೇ ಕೊಂಡರೆ ಮುಂದಕ್ಕೆ ಹಾಕಿಸುವುದೆಂದು ನಾನು ಭಾವಿಸಿದ್ದೆ. ಹಿಂದಕ್ಕೇ ಹಾಕಬೇಕಂತೆ! ಮುಂದಿನ ಚಕ್ರ ಜಾರಿದರೆ ಹೇಗೋ ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ. ಕೊನೆಗೆ, ನನ್ನ ಪುಸ್ತಕಗಳಿಗೆಂದು ಕೂಡಿಟ್ಟಿದ್ದ ಬೀರುವಿನ ಹಣ ನಾಲ್ಕು ಟೈರುಗಳಾಯಿತು. ಹೊಸ ಟೈರಿನ ಮೈಜಿಡ್ಡು ಹೋಗುವ ತನಕ, ಅಂದರೆ ಇನ್ನೂರು ಕಿಲೋಮೀಟರಿನಷ್ಟು ದೂರ, ನಿಧಾನವಾಗಿ ಓಡಿಸಬೇಕೆಂದಿದ್ದರು. ಸಾಗರಕ್ಕೊಮ್ಮೆ, ಭದ್ರಾವತಿಗೆರಡು ಬಾರಿ ಹೋಗಿ ಬಂದು ಆ ವ್ರತವನ್ನೂ ಮುಗಿಸಿದೆ.

ಶ್ರಾವಣದ ಮೊದಲ ವಾರ ತೀರ್ಥರೂಪರು ಏನೂ ಹೇಳದೆ ಕಾರಿನಲ್ಲಿ ಕುಳಿತರು. ಆಗುಂಬೆಯಲ್ಲಿ ಮಳೆ ಹಾಗೆಯೇ ಸುರಿಯುತ್ತಿತ್ತು. ಮೊದಲ ತಿರುವಿನಿಂದಲೇ ಅವರ ಕೈ ನನ್ನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. ಮತ್ತೆ ಅದೇ ಇಳಿಜಾರಿನಲ್ಲಿ, ಮಂಜಿನೊಳಗಿನಿಂದ ವಾಹನವೊಂದು ಮೇಲೇರಿ ಬಂತು. ಬ್ರೇಕನ್ನು ಒತ್ತಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ಕಾರು ನಿಂತಿತು.

"ಇದೇ ತಿರುವಲ್ಲವೇನೋ?" ಎಂದರು ತೀರ್ಥರೂಪರು.

"ಹೌದಪ್ಪ."

ಸೀಟಿನ ಮೇಲಿದ್ದ ಕೈ ಸಡಿಲವಾಯಿತು. ಮುಂದಿನ ತಿರುವಿನಲ್ಲಿ ಬಂಡೆಯ ಮೇಲಿಂದ ಧುಮುಕುವ ನೀರನ್ನು ಅವರು ಮೊಮ್ಮಗಳಿಗೆ ತೋರಿಸುತ್ತಿದ್ದರು.

ಸೋಮೇಶ್ವರದಲ್ಲಿ ಕಾಫಿಗೆ ಇಳಿದಾಗ ಅವರು ಕೊಡೆ ಬಿಡಿಸಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಟೈರನ್ನು ಮುಟ್ಟಿ ನೋಡಿದರು. "ನಮ್ಮ ಅಪ್ಪ ಎತ್ತಿಗೆ ಲಾಳ ಹೊಡೆಸದೆ ಗಾಡಿಯನ್ನು ಘಟ್ಟಕ್ಕೆ ಇಳಿಸುತ್ತಿರಲಿಲ್ಲ. ನೀನು ಒಂದು ವರ್ಷ ತಡಮಾಡಿದೆ" ಎಂದರು. ನಾನು ಮರುಮಾತಾಡಲಿಲ್ಲ. ಅತ್ತೆ ಊಟಕ್ಕೆ ಕಾಯುತ್ತಿದ್ದರು. ಹೆಬ್ರಿಯ ಹಾದಿ ಹಿಡಿದೆವು.