ಧಾರವಾಡದ ಚುಕ್ಕಿ, ಗೆರೆ

ಕಂಪ್ಯೂಟರ್ ಎಂಜಿನಿಯರಿಂಗ್ ಓದುವವರ ಪಾಠದಲ್ಲಿ ಗ್ರಾಫ್ ಸಿದ್ಧಾಂತವೂ ಇದೆ: ಒಂದಷ್ಟು ಚುಕ್ಕಿಗಳು, ಅವುಗಳನ್ನು ಜೋಡಿಸುವ ಗೆರೆಗಳು. ಈ ಶಾಸ್ತ್ರಕ್ಕೆ ಕನ್ನಡನಾಡಿನ ಕೊಡುಗೆ ಸಣ್ಣದಲ್ಲ.

1979ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ ಒಂದು ಪ್ರಬಂಧ ಪ್ರಕಟಿಸಿದರು. ಅವರ ಪ್ರಶ್ನೆ ಇಷ್ಟೇ: ಕೆಲವು ಚುಕ್ಕಿಗಳನ್ನು ಆರಿಸಬೇಕು. ಉಳಿದ ಪ್ರತಿ ಚುಕ್ಕಿಗೂ ಆರಿಸಿದ್ದೊಂದು ನೆರೆಯಲ್ಲಿರಬೇಕು. ಆರಿಸಿದವುಗಳಿಗೆ ತಮ್ಮತಮ್ಮಲ್ಲೇ ಸಂಪರ್ಕವಿರಬೇಕು. ಕನಿಷ್ಠ ಎಷ್ಟು ಚುಕ್ಕಿ ಸಾಕು?

ಆಗ ಅದು ಶುದ್ಧ ಗಣಿತ.

1997ರಲ್ಲಿ ಬೆವನ್ ದಾಸ್ ಮತ್ತು ವಡುವೂರ್ ಭಾರ್ಗವನ್ ಇದೇ ಕಲ್ಪನೆಯನ್ನು ನಿಸ್ತಂತು ಜಾಲಕ್ಕೆ ಬಳಸಿದರು. ಟವರ್ ಇಲ್ಲದ ಕಡೆ ಸಾಧನಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತವೆ. ಎಲ್ಲವೂ ಒಟ್ಟಿಗೆ ದಾಟಿಸಹೊರಟರೆ ಸಂತೆಯ ಗದ್ದಲ. ಯಾರ ಮಾತೂ ಕೇಳಿಸದು. ಆರಿಸಿದ ಕೆಲವೇ ಸಾಧನಗಳು ಜಾಲದ ಬೆನ್ನೆಲುಬಾದರೆ ಉಳಿದವು ಕೇಳಿಸಿಕೊಂಡು ಸುಮ್ಮನಿರಬಹುದು. ಬ್ಯಾಟರಿಯೂ ಉಳಿಯುತ್ತದೆ.

ತೊಡಕೆಂದರೆ, ಅತಿ ಚಿಕ್ಕ ಗುಂಪನ್ನು ಬೇಗ ಹುಡುಕಿಕೊಡುವ, ಎಲ್ಲ ಜಾಲಗಳಿಗೂ ಹೊಂದುವ ವಿಧಾನ ಯಾರಿಗೂ ಸಿಕ್ಕಿಲ್ಲ. 1998ರಲ್ಲಿ ಸುದೀಪ್ತೋ ಗುಹಾ ಮತ್ತು ಸಮೀರ್ ಖುಲ್ಲರ್ ಅದಕ್ಕೆ ಹತ್ತಿರದ ಉತ್ತರ ಕೊಡುವ ಲೆಕ್ಕಕ್ರಮಗಳನ್ನು ಪ್ರಕಟಿಸಿದರು. ಸಾಧನಗಳು ಜಾಗ ಬದಲಿಸಿದಂತೆ ಬೆನ್ನೆಲುಬನ್ನೂ ಹೊಸದಾಗಿ ಕಟ್ಟಬೇಕು. ಸಂಶೋಧಕರು ಅದಕ್ಕೂ ಬೇರೆ ಬೇರೆ ದಾರಿಗಳನ್ನು ರೂಪಿಸಿದ್ದಾರೆ.