ತಗ್ಗಿಸಿದ ಶ್ರುತಿ

ನಾನು ಆರನೆಯ ತರಗತಿಯಲ್ಲಿದ್ದಾಗ, ದುಬಾಯಿಯಿಂದ ರಜೆಯಲ್ಲಿ ಬಂದ ಸೋದರಮಾವ ಒಂದು ಟೇಪ್ ರೆಕಾರ್ಡರನ್ನೂ ನಾಲ್ಕು ಕ್ಯಾಸೆಟ್ಟುಗಳನ್ನೂ ತಂದರು. ಅವುಗಳಲ್ಲಿ ಒಂದು ಸ್ವೀಡನ್ ದೇಶದ 'ಅಬ್ಬಾ' ತಂಡದ್ದು. "ಅಬ್ಬಾ! ಎಂತ ಹೆಸರು ಮಾರಾಯ!" ಎಂದು ಅಜ್ಜಿ ನಕ್ಕದ್ದು ಈಗಲೂ ನೆನಪಿದೆ. ಆಗ್ನೇತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್ ಎಂಬ ನಾಲ್ವರ ಮೊದಲಕ್ಷರಗಳು ಸೇರಿ ಆದ ಹೆಸರದು.

ಶಾಲೆಯಲ್ಲಿ ಕನ್ನಡವನ್ನೂ ಮಲಯಾಳವನ್ನೂ ಕಲಿಯುತ್ತಿದ್ದ ನನಗೂ ಅಕ್ಕನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಿವಿಗೆ ಬಿದ್ದುದನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಹಾಡುತ್ತಿದ್ದೆವು. (ಆ ನಾಲ್ವರಿಗೂ ಇಂಗ್ಲಿಷ್ ತಾಯಿನುಡಿಯಲ್ಲವೆಂದು ಆಗ ತಿಳಿದಿದ್ದರೆ ಇನ್ನಷ್ಟು ಧೈರ್ಯ ಬರುತ್ತಿತ್ತೋ ಏನೋ.) ಮೇಲಿನ ಸ್ವರ ಅಕ್ಕನದು, ಕೆಳಗಿನದು ನನ್ನದು.

1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಯೂರೋವಿಷನ್ ಸ್ಪರ್ಧೆಯನ್ನು ಗೆದ್ದು ಹೆಸರಾದವರು ಅವರು. ತಂಡದಲ್ಲಿ ಎರಡು ದಂಪತಿಗಳಿದ್ದರು. ಎರಡು ದಾಂಪತ್ಯಗಳೂ ಮುರಿದವು. 1981ರಲ್ಲಿ ಒಂದು ಆಲ್ಬಮ್ ಬಂತು, ಮರುವರ್ಷ ತಂಡ ಮೌನವಾಯಿತು. ನಾವು ಆ ಕ್ಯಾಸೆಟ್ಟಿಗೆ ಕುಣಿಯುತ್ತಿದ್ದಾಗ ಅವರು ಒಟ್ಟಿಗೆ ಹಾಡುವುದನ್ನು ಬಿಟ್ಟು ಹಲವು ವರ್ಷಗಳಾಗಿದ್ದವು.

ಅಕ್ಕ ಮುಂದೆ ಕ್ರಮವಾಗಿ ಸಂಗೀತ ಕಲಿತಳು. ಐದೂವರೆ ಮನೆಯ ಶ್ರುತಿಯಲ್ಲಿ ನಿರಾಯಾಸವಾಗಿ ಹಾಡುವವಳು. ನವರಾತ್ರಿಯ ಭಜನೆಗೆ ಅವಳು ಬಾರದೆ ಆರಂಭವಿಲ್ಲ. ಆರು ವರ್ಷಗಳ ಹಿಂದೆ ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆ ಗುಣವಾದರೂ ಸ್ವರ ತಗ್ಗಿತು. "ಹೋದದ್ದು ಹೋಯಿತು" ಎಂದವಳು ಜೋಗುಳಕ್ಕೂ ಬಾಯಿ ತೆರೆಯಲಿಲ್ಲ. ಮೊಮ್ಮಗು ಅತ್ತರೆ ಬೆನ್ನು ತಟ್ಟುತ್ತಾಳೆ, ಅಷ್ಟೆ. ನಾವು ಯಾರೂ ಆ ಮಾತೆತ್ತುತ್ತಿರಲಿಲ್ಲ.

2021ರ ನವೆಂಬರ್ 5ರಂದು, ನಲವತ್ತು ವರ್ಷಗಳ ಬಳಿಕ, ಆ ನಾಲ್ವರ ಹೊಸ ಆಲ್ಬಮ್ ಹೊರಬಂತು. ಹೆಸರು 'ವಾಯೇಜ್', ಎಂದರೆ ಪಯಣ. ಹಾಡುಗಳು ಹತ್ತು; ನಾಲ್ವರೂ ಎಪ್ಪತ್ತು ದಾಟಿದವರು. ನಾನು ಅದನ್ನು ಕೇಳಿದ್ದು ತಡವಾಗಿ, ಕಳೆದ ಬೇಸಗೆ ರಜೆಯಲ್ಲಿ. ಕೇಳಿದವಳೇ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಯ ಬಸ್ಸು ಹತ್ತಿದೆ.

ಅಕ್ಕ ಹಲಸಿನ ಸೊಳೆ ಬಿಡಿಸುತ್ತಿದ್ದಳು. ಏನೂ ಹೇಳದೆ ಮೊದಲ ಹಾಡನ್ನು ಹಾಕಿದೆ. ಅವಳ ಕೈ ನಿಂತಿತು. "ಇದು ಅವರೇಯಾ? ಸ್ವರ ಇಳಿದಿದೆ." ಸ್ವಲ್ಪ ಹೊತ್ತು ಬಿಟ್ಟು, "ಇಳಿದದ್ದನ್ನು ಅಡಗಿಸಲೇ ಇಲ್ಲ" ಎಂದಳು. ದಂಪತಿ ಬೇರೆಯಾದ ಮೇಲೆ ಮಗನನ್ನು ತಂದೆಯ ಮನೆಯಲ್ಲಿ ಬಿಟ್ಟು ಮರಳುವ ತಾಯಿಯ ಹಾಡೊಂದಿದೆ. ಅದರ ಅರ್ಥ ಹೇಳಿದೆ. ಎಳೆಯ ಸ್ವರದಲ್ಲಿ ಆ ಹಾಡು ಹೀಗೆ ನಾಟುತ್ತಿರಲಿಲ್ಲವೆಂದು ನನಗನ್ನಿಸಿತು. ಅಕ್ಕ ಸುಮ್ಮನಿದ್ದಳು.

'ಜಸ್ಟ್ ಎ ನೋಷನ್' ಬಂದಾಗ ಮಾತ್ರ ತಟ್ಟನೆ ತಲೆಯೆತ್ತಿದಳು. "ಇದು ಈಗಿನದ್ದಲ್ಲ ಮಾರಾಯ್ತಿ! ಇದು ಬೇರೆಯೇ ಪ್ರಾಯದ ಸ್ವರ." ಅವಳ ಕಿವಿಗೆ ಏನೂ ಆಗಿರಲಿಲ್ಲ! 1978ರಲ್ಲಿ ಹಾಡಿಟ್ಟಿದ್ದ ಆ ಹಾಡಿಗೆ ಹೊಸದಾಗಿ ವಾದ್ಯಗಳನ್ನಷ್ಟೇ ಕೂಡಿಸಿದ್ದರು. "ಚಂದ ಉಂಟು. ಆದರೆ ನನಗೆ ಮೊದಲಿನದ್ದೇ ಆದೀತು" ಎಂದು ಹಿಂದಿನ ಹಾಡನ್ನು ಮತ್ತೆ ಹಾಕಿಸಿದಳು.

ಲಂಡನ್ನಿನಲ್ಲಿ 2022ರ ಮೇ ತಿಂಗಳಲ್ಲಿ ಆರಂಭವಾದ ಅವರ ಪ್ರದರ್ಶನದಲ್ಲಿ ಕಂಪ್ಯೂಟರಿನಿಂದ ರೂಪಿಸಿದ ಯೌವನದ ನಾಲ್ವರು ರಂಗದ ಮೇಲೆ ಕಾಣಿಸಿಕೊಳ್ಳುತ್ತಾರೆ. ಜನ ಮುಗಿಬಿದ್ದು ನೋಡಿದರು. ನನಗೆ ಅದರಲ್ಲಿ ಅಷ್ಟು ಒಲವಿಲ್ಲ. ಅಕ್ಕನಿಗೆ ಅದನ್ನು ತೋರಿಸಲೂ ಇಲ್ಲ.

ಸಂಜೆ ಹೊರಡುವ ಹೊತ್ತಿಗೆ ಅಕ್ಕ ಕಪಾಟಿನ ಮೇಲಿಂದ ಶ್ರುತಿಪೆಟ್ಟಿಗೆಯನ್ನು ಇಳಿಸಿದಳು. ಕರೆಂಟಿನದ್ದು, ಐದೂವರೆಗೆ ಹಾಕಿದ್ದ ಕೆಂಪು ಗುರುತು ಧೂಳಿನಡಿಯಲ್ಲಿ ಹಾಗೇ ಇತ್ತು. ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದಳು. ಮೊದಲ ಸಾಲಿನಲ್ಲೇ ಸ್ವರ ಒಡೆಯಿತು. ನಾನು ನೆಲ ನೋಡಿದೆ. ಅವಳು ಮೂರಕ್ಕೆ ಇಳಿಸಿ, "ನೀನು ಕೆಳಗಿನದ್ದು ಹಿಡಿ" ಎಂದಳು. ಅವಳದೇ ಕೆಳಗಿರುವಾಗ ಅದಕ್ಕಿಂತ ಕೆಳಗೆ ನಾನೆಲ್ಲಿ ಹೋಗಲಿ? ಇಬ್ಬರಿಗೂ ನಗು ಬಂತು. ಆ ದಿನ ಕೊನೆಯ ಬಸ್ಸು ತಪ್ಪಿತು.